ಹಳೆಯ ಯಂತ್ರದಲ್ಲಿ ತಮ್ಮನ ದನಿ

ಬಸ್ ಡಿಪೋದಲ್ಲಿ ಕಂಪ್ಯೂಟರುಗಳನ್ನು ನೋಡಿಕೊಳ್ಳುತ್ತಿದ್ದವಳನ್ನು ಅಲ್ಲಿ ಎಲ್ಲರೂ, ಅವಳಿಗಿಂತ ಹಿರಿಯರಾದ ಡ್ರೈವರುಗಳೂ, ಅಕ್ಕ ಎಂದೇ ಕರೆಯುತ್ತಿದ್ದರು. ಹಾಗೆ ಕರೆಯುವ ನಿಜವಾದ ಹಕ್ಕಿದ್ದವನು ಒಬ್ಬನೇ, ಅವಳ ತಮ್ಮ. ಅವನ ಬಾಯಿಂದ ಆ ಮಾತು ಬಂದು ವರ್ಷದ ಮೇಲಾಗಿತ್ತು.

ತಮ್ಮ ಕಾರು ಓಡಿಸುವುದನ್ನು ಕಲಿಸುತ್ತಿದ್ದ. ಕಲಿಯುವವರ ಪಕ್ಕದ ಸೀಟಿನಲ್ಲಿ ಕೂತು, ತನಗೆಂದೇ ಹಾಕಿಸಿದ್ದ ಇನ್ನೊಂದು ಬ್ರೇಕಿನ ಮೇಲೆ ಪಾದವಿಟ್ಟುಕೊಂಡು, ಬೆಳಗಿನಿಂದ ಸಂಜೆಯವರೆಗೆ ಬಾಯಿ ಬಡಿದುಕೊಳ್ಳುವ ಕೆಲಸ. ಕ್ಲಚ್ಚನ್ನು ನೆಂಟರನ್ನು ಬೀಳ್ಕೊಟ್ಟ ಹಾಗೆ ಬಿಡಬೇಕು, ಬೀದಿನಾಯಿಯನ್ನು ಅಟ್ಟಿದ ಹಾಗಲ್ಲ ಎಂದು ಅವನು ಹೇಳಿಕೊಡುವುದನ್ನು ಕೇಳಿ ಹೆದರಿದವರೂ ನಗುತ್ತಿದ್ದರು. ಒಂದು ದಿನ ಕಲಿಯುವ ಹೆಂಗಸೊಬ್ಬಳು ಕಾರನ್ನು ನೇರ ಒಂದು ಗೇಟಿನ ಕಡೆ ಬಿಟ್ಟಳು. ಇವನು ಬ್ರೇಕು ತುಳಿಯಬೇಕೆಂದುಕೊಂಡ, ಕಾಲು ಮಾತು ಕೇಳಲಿಲ್ಲ. ಗೇಟು ಸೊಟ್ಟಗಾಯಿತೇ ಹೊರತು ಯಾರಿಗೂ ಪೆಟ್ಟಾಗಲಿಲ್ಲ. ಮನೆಗೆ ಬಂದು ಅದನ್ನೇ ಒಂದು ಕತೆ ಮಾಡಿ ಹೇಳಿ ನಗಿಸಿದ.

ಆಮೇಲೆ ಮೆಟ್ಟಿಲು ಹತ್ತುವಾಗ ಅದೇ ಕಾಲು ಜೋತುಬಿತ್ತು. ನಂತರ ಇನ್ನೊಂದು ಕಾಲು, ಕೈಗಳು, ಕೊನೆಗೆ ನಾಲಿಗೆ. ಸ್ನಾಯುಗಳನ್ನು ಆಡಿಸುವ ನರಗಳು ಒಂದೊಂದಾಗಿ ಸಾಯುತ್ತಿವೆ, ಬುದ್ಧಿ ಮಾತ್ರ ಇದ್ದ ಹಾಗೇ ಇರುತ್ತದೆ, ಎಲ್ಲಕ್ಕಿಂತ ಕೊನೆಗೆ ಸೋಲುವುದು ಕಣ್ಣು ಎಂದು ಡಾಕ್ಟರಮ್ಮ ಬಿಡಿಸಿ ಹೇಳಿದ್ದರು.

ನಾಲಿಗೆ ಪೂರ್ತಿ ಮಲಗುವ ಮೊದಲೇ ಅಕ್ಕ ಅವನನ್ನು ಮೈಕಿನ ಮುಂದೆ ಕೂರಿಸಿ, ಸಂಜೆ ಸಂಜೆ ವಾಕ್ಯಗಳನ್ನು ಓದಿಸಿ ಧ್ವನಿಮುದ್ರಣ ಮಾಡಿಕೊಂಡಿದ್ದಳು. ಅದರಿಂದ ಒಂದು ಕಂಪನಿಯವರು ಅವನದೇ ದನಿಯಲ್ಲಿ ಮಾತಾಡುವ ಪ್ರೋಗ್ರಾಮು ತಯಾರಿಸಿ ಕೊಟ್ಟರು. ಮಂಚದ ಮುಂದೆ ಒಂದು ಕಂಪ್ಯೂಟರ್ ಪರದೆ, ಅದರ ಕೆಳಗೆ ಕಣ್ಣಿನ ನೋಟವನ್ನು ಹಿಡಿಯುವ ಪುಟ್ಟ ಕ್ಯಾಮೆರಾ. ಅವನು ಯಾವ ಅಕ್ಷರದ ಮೇಲೆ ನೋಟ ನಿಲ್ಲಿಸುತ್ತಾನೋ ಆ ಅಕ್ಷರ ಬೀಳುತ್ತದೆ. ವಾಕ್ಯ ಮುಗಿದರೆ ಕಂಪ್ಯೂಟರು ಅದನ್ನು ನುಡಿಯುತ್ತದೆ. ಮೊದಲ ದಿನ ಅದರಲ್ಲಿ ಅವನು ಆಡಿದ ಮಾತು: "ನನ್ನ ದನಿ ಇಷ್ಟು ಕೆಟ್ಟದಾಗಿತ್ತಾ? ಯಾರೂ ಹೇಳಲೇ ಇಲ್ಲ." ಅಕ್ಕ, ತಮ್ಮನ ಹೆಂಡತಿ ಇಬ್ಬರೂ ನಕ್ಕು ನಕ್ಕು ಕೊನೆಗೆ ಬೇರೆ ಬೇರೆ ಕಡೆ ಮುಖ ತಿರುಗಿಸಿಕೊಂಡು ಕಣ್ಣೊರೆಸಿಕೊಂಡಿದ್ದರು.

ಹಾಗೆ ಒಂದಿಷ್ಟು ಕಾಲ ನಡೆಯಿತು. ಆಮೇಲೆ ಪರದೆಯ ಮೂಲೆಯಲ್ಲಿ ಆ ಕಂಪನಿಯ ಸೂಚನೆ ಕಾಣಿಸಿಕೊಂಡಿತು. ಪ್ರೋಗ್ರಾಮಿನ ಹಳೆಯ ಆವೃತ್ತಿ ತಿಂಗಳ ಕೊನೆಗೆ ನಿಲ್ಲುತ್ತದೆ, ಹೊಸದು ಹೊಸ ಆಪರೇಟಿಂಗ್ ಸಿಸ್ಟಮ್ಮಿನಲ್ಲಿ ಮಾತ್ರ ನಡೆಯುತ್ತದೆ. ಅಷ್ಟೇ ಆಗಿದ್ದರೆ ಅಕ್ಕನಿಗೆ ಅದು ಒಂದು ಮಧ್ಯಾಹ್ನದ ಕೆಲಸ. ತೊಡಕಿದ್ದದ್ದು ಕ್ಯಾಮೆರಾದಲ್ಲಿ. ಅದನ್ನು ಮಾಡಿದವರು ಅಂಗಡಿ ಮುಚ್ಚಿ ಎಷ್ಟೋ ಕಾಲವಾಗಿತ್ತು. ಅದು ಹಳೆಯ ಸಿಸ್ಟಮ್ಮಿನ ಜೊತೆಯಲ್ಲಿ ಮಾತ್ರ ಕೆಲಸ ಮಾಡುತ್ತಿತ್ತು. ಅಕ್ಕ ಬೇರೊಂದು ಡಿಸ್ಕಿನಲ್ಲಿ ಹೊಸ ಸಿಸ್ಟಮ್ ಹಾಕಿ ನೋಡಿದಳು, ಕ್ಯಾಮೆರಾ ಸತ್ತ ಹಾಗೆ ಕೂತಿತು. ಹಳೆಯ ಡಿಸ್ಕನ್ನೇ ಮತ್ತೆ ಸಿಕ್ಕಿಸಿದಳು. ಹೊಸ ಕ್ಯಾಮೆರಾಕ್ಕೆ ಆಸ್ಪತ್ರೆಯ ಸಲಕರಣೆ ವಿಭಾಗದಲ್ಲಿ ಹೆಸರು ಬರೆಸಿದ್ದಾಗಿತ್ತು. ಸರದಿ ಬರುವ ಹೊತ್ತಿಗೆ ತಮ್ಮನ ಕಣ್ಣು ಹೇಗಿರುತ್ತದೆ ಎಂಬುದನ್ನು ಅಲ್ಲಿ ಯಾರೂ ಹೇಳಲಿಲ್ಲ, ಇವಳೂ ಕೇಳಲಿಲ್ಲ.

ಉಳಿದದ್ದು ಒಂದೇ ದಾರಿ. ಒಂದು ಕಂಪ್ಯೂಟರಿನ ಹೊಟ್ಟೆಯೊಳಗೆ ಇನ್ನೊಂದು ಕಂಪ್ಯೂಟರಿದೆ ಎಂದು ನಂಬಿಸುವ ವ್ಯವಸ್ಥೆಗೆ ವರ್ಚುವಲ್ ಮಷೀನ್ ಎನ್ನುತ್ತಾರೆ. ಡಿಪೋದಲ್ಲಿ ಅಕ್ಕನಿಗೆ ಅದು ದಿನನಿತ್ಯದ ಮಾತು. ಟಿಕೆಟ್ಟಿನ ಹಳೆಯ ಪ್ರೋಗ್ರಾಮನ್ನು ಹೊಸ ಕಂಪ್ಯೂಟರುಗಳ ಒಳಗೆ ಹಾಗೇ ಸಾಕಿಕೊಂಡಿದ್ದಳು. ಹೊಸದರೊಳಗೆ ಹಳೆಯದನ್ನು ಇಡುವುದು ಸಲೀಸು. ಈಗ ಮಾಡಬೇಕಾದದ್ದು ಉಲ್ಟಾ: ಹೊರಗೆ ಕ್ಯಾಮೆರಾ ಬಲ್ಲ ಹಳೆಯ ಸಿಸ್ಟಮ್, ಒಳಗೆ ದನಿಗೆ ಬೇಕಾದ ಹೊಸ ಸಿಸ್ಟಮ್. ಮುದುಕನ ಹೆಗಲ ಮೇಲೆ ದಾಂಡಿಗನೊಬ್ಬನನ್ನು ಕೂರಿಸಿ ನಡೆ ಎಂದಂತೆ.

ಡಿಪೋ ಕೆಲಸ ಮುಗಿಸಿ ಅವಳು ದಿನವೂ ತಮ್ಮನ ಮನೆಗೆ ಬರತೊಡಗಿದಳು. ಎರಡು ಕೋಣೆಯ ಮನೆ, ಮೊದಲ ಮಹಡಿ. ಮುಂದಿನ ಕೋಣೆಯಲ್ಲಿ ಕಿಟಕಿಯ ಪಕ್ಕ ಮಂಚ, ಮಂಚದ ಎದುರು ಗೋಡೆಗೆ ಒತ್ತಿಕೊಂಡ ಮೇಜು, ನಡುವೆ ಒಂದು ಸ್ಟೂಲು ಹಿಡಿಸುವಷ್ಟು ಜಾಗ. ಪರದೆಯನ್ನು ತನ್ನ ಕಡೆ ತಿರುಗಿಸಿಕೊಂಡು ಅವಳು ಆ ಸ್ಟೂಲಿನ ಮೇಲೆ ಕೂತರೆ ಹಿಂದೆ ತಮ್ಮ. ಕೆಲಸ ನಡೆಯಬೇಕಾದದ್ದು ಆ ಕಂಪ್ಯೂಟರಿನಲ್ಲೇ. ಅವಳು ಕೂತಷ್ಟು ಹೊತ್ತು ಅವನಿಗೆ ಮಾತಿಲ್ಲ.

ಮೊದಲನೆಯ ತಡೆ ಬೇಗ ಹೋಯಿತು. ವರ್ಚುವಲ್ ಮಷೀನಿಗೆ ಬೇಕಾದ ಅನುಕೂಲವನ್ನು ಆ ಕಂಪ್ಯೂಟರು ಮಾಡಿದವರು ಒಳಗೇ ಮುಚ್ಚಿಟ್ಟಿದ್ದರು. ಯಂತ್ರ ಏಳುವಾಗಲೇ ಸೆಟ್ಟಿಂಗಿಗೆ ನುಗ್ಗಿ ತೆರೆದಳು. ಆಮೇಲೆ ಶುರುವಾಯಿತು ಹಣೆಬರಹ. ಈ ಯಂತ್ರ ತನಗೆ ಯೋಗ್ಯವಲ್ಲ ಎಂದು ಹೊಸ ಸಿಸ್ಟಮ್ ಹೊಸ್ತಿಲಲ್ಲೇ ಮುಖ ಸಿಂಡರಿಸಿತು. ಆ ತಪಾಸಣೆಯನ್ನು ಕಣ್ತಪ್ಪಿಸಿ ಒಳಗೆ ಬಿಟ್ಟಳು. ಅರ್ಧ ದಾರಿಯಲ್ಲಿ ಪರದೆ ಕಪ್ಪಾಗಿ ಒಂದು ಬಿಳಿ ಚಕ್ರ ಸುಮ್ಮನೆ ಸುತ್ತತೊಡಗಿತು. ಮೆಮೊರಿ ಹೆಚ್ಚಿಸಿದಳು, ಡಿಸ್ಪ್ಲೇ ಬದಲಿಸಿದಳು, ಮತ್ತೆ ಅದೇ ಚಕ್ರ. ತಿಣುಕಾಡಿದ ಮೇಲೆ ತಿಳಿದದ್ದು ಇಷ್ಟು: ಆ ಸಿಸ್ಟಮ್ಮಿನ ಇತ್ತೀಚಿನ ಆವೃತ್ತಿ ಕೇಳುವ ಒಂದು ಕೆಲಸ ಈ ಹಳೆಯ ಪ್ರೊಸೆಸರಿಗೆ ಹುಟ್ಟಿನಿಂದಲೇ ಗೊತ್ತಿಲ್ಲ. ಕಣ್ತಪ್ಪಿಸುವುದರಿಂದ ಆಗುವುದಿಲ್ಲ, ಇಲ್ಲ ಎಂದರೆ ಇಲ್ಲ. ಅದಕ್ಕಿಂತ ಸ್ವಲ್ಪ ಹಿಂದಿನ ಆವೃತ್ತಿಯನ್ನು ಹುಡುಕಿ ಮತ್ತೆ ಮೊದಲಿಂದ ಶುರು ಮಾಡಬೇಕಾಯಿತು.

ನಾದಿನಿ, ಅಂದರೆ ತಮ್ಮನ ಹೆಂಡತಿ, ಇದನ್ನೆಲ್ಲ ಒಳಗಿನ ಬಾಗಿಲಿಗೆ ಒರಗಿ ನೋಡುತ್ತಿದ್ದಳು. ಚಪ್ಪಲಿ ಅಂಗಡಿಯಲ್ಲಿ ಕೆಲಸಕ್ಕಿದ್ದವಳು, ಗಿರಾಕಿ ಮೆಟ್ಟಿಲು ಹತ್ತುವಾಗಲೇ ಕಾಲಿನ ಅಳತೆ ಹೇಳುತ್ತಿದ್ದವಳು, ಗಂಡನಿಗೋಸ್ಕರ ಕೆಲಸ ಬಿಟ್ಟು ಮನೆಯಲ್ಲಿ ಕೂತಿದ್ದಳು. ಅವನ ಕಫ ತೆಗೆಯುವುದು, ಹೊಟ್ಟೆಯ ನಳಿಗೆ ಆಹಾರ ಬಿಡುವುದು, ಹಾಸಿಗೆ ಹುಣ್ಣಾಗದಂತೆ ಹೊತ್ತು ಹೊತ್ತಿಗೆ ಮಗ್ಗುಲು ಬದಲಿಸುವುದು ಎಲ್ಲ ಅವಳದೇ. ಕಂಪ್ಯೂಟರು ಇಲ್ಲದಾಗಲೂ ಅವರಿಬ್ಬರಿಗೆ ಒಂದು ಭಾಷೆಯಿತ್ತು. ಕಣ್ಣು ಮೇಲೆತ್ತಿದರೆ ಹೌದು, ಕೆಳಗಿಳಿಸಿದರೆ ಇಲ್ಲ. ಬಾಕಿಯದನ್ನು ಅವಳು ಊಹಿಸಿ ಊಹಿಸಿ ಕೇಳುತ್ತಿದ್ದಳು, ಅವನು ಕಣ್ಣಲ್ಲೇ ಹೂಂ ಊಹೂಂ ಅನ್ನುತ್ತಿದ್ದ.

ಒಂದು ಸಂಜೆ ಅವಳಿಗೆ ತಡೆಯಲಾಗಲಿಲ್ಲ.

"ಅತ್ತಿಗೆ, ನೀವು ಬಂದಾಗಲೆಲ್ಲ ಅವರ ಬಾಯಿ ಮುಚ್ಚುತ್ತೆ," ಎಂದಳು. "ತಿಂಗಳು ಮುಗಿಯೋ ತನಕ ಹಳೇದು ನಡೆಯುತ್ತಲ್ಲ. ಇರೋ ದಿನಾನಾದ್ರೂ ಮಾತಾಡ್ಲಿ ಬಿಡಿ."

"ಆಮೇಲೆ?"

"ಆಮೇಲಿಂದು ಆಮೇಲೆ."

ಅಕ್ಕನಿಗೆ ಆ ಮಾತು ಹಿಡಿಸಲಿಲ್ಲ. ಮುಂದಿನದನ್ನು ಯಾರಾದರೂ ಒಬ್ಬರು ಯೋಚಿಸಬೇಕಲ್ಲ ಎಂದು ಮನಸ್ಸಿನಲ್ಲೇ ಅಂದುಕೊಂಡು ಮತ್ತೆ ಪರದೆಯ ಕಡೆ ತಿರುಗಿದಳು. ಆದರೂ ಆವತ್ತು ಬೇಗ ಎದ್ದು ಹಳೆಯ ಪ್ರೋಗ್ರಾಮು ಹಚ್ಚಿಕೊಟ್ಟು ಹೋದಳು. ಮೆಟ್ಟಿಲು ಇಳಿಯುವಾಗ ತಮ್ಮನ ದನಿ ಹೆಂಡತಿಗೆ ಏನೋ ಹೇಳುತ್ತಿತ್ತು, ಅವಳು ಮೆಲ್ಲಗೆ ನಗುತ್ತಿದ್ದಳು.

ಇನ್ನೊಂದು ವಿಷಯ ಮನೆಯಲ್ಲಿ ಯಾರೂ ಎತ್ತದೆ ಹಾಗೇ ನಿಂತಿತ್ತು. ಉಸಿರಾಟದ ಸ್ನಾಯುಗಳೂ ಸೋಲುತ್ತಿದ್ದವು. ಸದ್ಯಕ್ಕೆ ಮೂಗಿನ ಮೇಲಿನ ಮುಖವಾಡ ಸಾಕು. ಅದು ಸಾಲದಾದಾಗ ಗಂಟಲಿಗೆ ರಂಧ್ರ ಮಾಡಿ ಪೈಪು ಹಾಕಿ ಯಂತ್ರದಿಂದ ಉಸಿರಾಡಿಸಬಹುದು, ಬೇಕೋ ಬೇಡವೋ ರೋಗಿಯೇ ಹೇಳಬೇಕು ಎಂದು ಡಾಕ್ಟರಮ್ಮ ಹೇಳಿದ್ದರು. ಕೇಳಿದಾಗಲೆಲ್ಲ ತಮ್ಮ ಒಂದೇ ಉತ್ತರ ಬರೆಯುತ್ತಿದ್ದ: "ನಾಳೆ ಹೇಳ್ತೀನಿ." ಬೇಕು ಅನ್ನುತ್ತಾನೆ ಎಂಬುದರಲ್ಲಿ ಅಕ್ಕನಿಗೆ ಅನುಮಾನವಿರಲಿಲ್ಲ. ಅಪ್ಪ ಅಮ್ಮ ಹೋದ ಮೇಲೆ ಅವನನ್ನು ಎತ್ತಿ ಆಡಿಸಿ ಬೆಳೆಸಿದವಳು ಅವಳು; ಅವನ ಒಳಗು ಹೊರಗು ತನಗೆ ಗೊತ್ತಿಲ್ಲದೆ ಇನ್ನಾರಿಗೆ ಗೊತ್ತು?

ತಿಂಗಳ ಕೊನೆ ಬಂತು. ಹೊಸ ಸಿಸ್ಟಮ್ ಅಂತೂ ಹಳೆಯದರ ಒಳಗೆ ಎದ್ದು ನಿಂತಿತ್ತು, ಆದರೆ ಹೊಸ ಪ್ರೋಗ್ರಾಮು ಅದರಲ್ಲಿ ಕುಂಟುತ್ತಿತ್ತು. ಕಣ್ಣು ಒಂದು ಅಕ್ಷರದಿಂದ ಇನ್ನೊಂದಕ್ಕೆ ಹೋಗಿ ಎಷ್ಟೋ ಹೊತ್ತಾದ ಮೇಲೆ, ನೋಟ ಎಲ್ಲಿದೆಯೆಂದು ಪರದೆಯ ಮೇಲೆ ತೋರಿಸುವ ಗುರುತು ಹಿಂದಿನಿಂದ ತೆವಳಿಕೊಂಡು ಬರುತ್ತಿತ್ತು. ಅಷ್ಟರಲ್ಲಿ ನೋಟ ಬೇರೆ ಕಡೆ ಇರುತ್ತಿದ್ದುದರಿಂದ ಅವನು ಬರೆಯುವುದೊಂದು, ಬೀಳುವುದೊಂದು. ಮರುದಿನ ಬೆಳಿಗ್ಗೆ ಹಳೆಯ ಪ್ರೋಗ್ರಾಮು ತೆರೆದಾಗ ನಾಲ್ಕು ಸಾಲಿನ ಧನ್ಯವಾದ ಹೇಳಿ ಮುಚ್ಚಿಕೊಂಡಿತು.

ಅದೇ ವಾರ ತಮ್ಮನಿಗೆ ಜ್ವರ ಬಂತು. ಎದೆಯಲ್ಲಿ ಕಫ ಕಟ್ಟಿ, ಮುಖವಾಡ ಹಾಕಿದ್ದರೂ ಉಸಿರು ಮೇಲಕ್ಕೆ ಸಿಕ್ಕಿಕೊಳ್ಳತೊಡಗಿತು. ಡಾಕ್ಟರಮ್ಮ ಮನೆಗೇ ಬಂದು ಎದೆಗೆ ಕಿವಿಗೊಟ್ಟು ಕೇಳಿ, ಇನ್ನು ನಾಳೆ ಎನ್ನುವ ಹಾಗಿಲ್ಲ ಎಂದರು. ನಾದಿನಿ ಗಂಡನ ಮುಖದ ಮೇಲೆ ಬಗ್ಗಿ, ಪೈಪು ಬೇಕಾ ಎಂದು ನಿಧಾನವಾಗಿ ಕೇಳಿದಳು. ಅವನು ಕಣ್ಣು ಕೆಳಗಿಳಿಸಿದ. ಮತ್ತೊಮ್ಮೆ ಮಾತು ತಿರುಗಿಸಿ ಕೇಳಿದಳು, ಪೈಪು ಬೇಡವಾ ಎಂದು. ಕಣ್ಣು ಮೇಲೆ ಹೋಯಿತು.

"ಬೇಡ ಅಂತಿದಾರೆ," ಎಂದಳು ನಾದಿನಿ.

ಅಕ್ಕ ಒಪ್ಪಲಿಲ್ಲ. ಜ್ವರದಲ್ಲಿ ರೆಪ್ಪೆ ಎತ್ತಲಾಗದೆ ಕಣ್ಣು ಇಳಿದರೆ, ಉಸಿರು ಸಿಕ್ಕಿ ಮೇಲೆ ಹೋದರೆ ಅದನ್ನು ಉತ್ತರ ಎನ್ನುವುದು ಹೇಗೆ? ಕೇಳುವವಳಿಗೆ ಬೇಕಾದ ಉತ್ತರ ಕೇಳುವವಳಿಗೇ ಕಾಣುತ್ತದೆ. ಒಂದು ಜೀವದ ವಿಷಯ ಕಣ್ಣುಮಿಟುಕಿನಲ್ಲಿ ತೀರ್ಮಾನ ಆಗಬಾರದು, ಅವನ ಮಾತಿನಲ್ಲೇ ಬರಬೇಕು ಎಂದು ಡಾಕ್ಟರಮ್ಮನ ಎದುರು ಪಟ್ಟು ಹಿಡಿದಳು. ನಾದಿನಿ ಅವಳನ್ನೇ ದಿಟ್ಟಿಸಿ ನೋಡಿದಳು. ಡಾಕ್ಟರಮ್ಮ ಇಬ್ಬರ ಮುಖವನ್ನೂ ನೋಡಿ, ಮನೆಯವರೇ ಎರಡು ಮಾತಾದರೆ ತಾನು ಕೈಹಾಕುವುದು ಕಷ್ಟ, ಔಷಧಿ ಕೊಟ್ಟು ಒಂದೆರಡು ದಿನ ಕಾಯುತ್ತೇನೆ, ಅಷ್ಟರಲ್ಲಿ ಕೆಟ್ಟುಹೋದರೆ ಆಸ್ಪತ್ರೆಗೆ ತರಬೇಕಾಗುತ್ತದೆ ಎಂದು ಹೇಳಿ ಹೋದರು.

ಅಕ್ಕ ಡಿಪೋಗೆ ರಜೆ ಹಾಕಿ ಸ್ಟೂಲು ಹಿಡಿದು ಕೂತಳು. ಹಿಂದೆ ಕಫ ಎಳೆಯುವ ಯಂತ್ರ ಗೊರಗೊರ ಎನ್ನುತ್ತಿತ್ತು, ನಿಲ್ಲುತ್ತಿತ್ತು, ಮತ್ತೆ ಶುರುವಾಗುತ್ತಿತ್ತು. ನಾದಿನಿ ಬೆನ್ನು ತಟ್ಟುವ ಸದ್ದು, ಟವೆಲು ಹಿಂಡುವ ಸದ್ದು, ತಮ್ಮನ ಉಸಿರು ಗಂಟಲಲ್ಲಿ ಗೀರುವ ಸದ್ದು. ಅವಳು ತಿರುಗಲಿಲ್ಲ. ತಿರುಗಿದರೆ ಕೈ ಕೆಲಸ ಮಾಡುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು. ಕ್ಯಾಮೆರಾ ಹಿಡಿದ ನೋಟದ ಲೆಕ್ಕವನ್ನೆಲ್ಲ ಒಳಗಿನ ಯಂತ್ರಕ್ಕೆ ಸಾಗಿಸಲು ಹೋದದ್ದೇ ತಪ್ಪು ಎಂದು ಮೊದಲ ದಿನ ಹೊಳೆಯಿತು. ಆ ಲೆಕ್ಕ ಹೊರಗಿನ ಹಳೆಯ ಸಿಸ್ಟಮ್ಮಿನ ಕೈಯಲ್ಲೇ ಇರಲಿ, ನೋಟ ಅಲ್ಲಿ ಮೌಸ್ ಆಗಲಿ, ಒಳಗಿನದಕ್ಕೆ ಯಾರೋ ಮೌಸ್ ಆಡಿಸುತ್ತಿದ್ದಾರೆ ಎಂದು ಮಾತ್ರ ಗೊತ್ತಾದರೆ ಸಾಕು. ಹಾಗೆ ಮಾಡಿದ ಮೇಲೆ ಗುರುತು ತೆವಳುವುದನ್ನು ಬಿಟ್ಟು ನಡೆಯತೊಡಗಿತು.

ದನಿಯೊಂದು ಉಳಿದಿತ್ತು. ಅದು ಒಡೆದು ಒಡೆದು ಬರುತ್ತಿತ್ತು. ಕಿವಿಗೆ ಇಯರ್‌ಫೋನ್ ಹಾಕಿಕೊಂಡು ಅಕ್ಕ ತಾನೇ ಕೀಲಿ ಒತ್ತಿ ಏನೇನೋ ಬರೆದು ನುಡಿಸಿ ನೋಡಿದಳು. ಒಳಗಿನ ಗಡಿಯಾರ ಹೊರಗಿನದಕ್ಕಿಂತ ಹಿಂದೆ ಬೀಳುತ್ತಿದೆ, ಅದಕ್ಕೇ ಮಾತು ತುಂಡಾಗುತ್ತಿದೆ ಎಂದು ಹಿಡಿದಳು. ಎರಡನ್ನೂ ಹೊಂದಿಸಿ, ಒಳಗಿನ ಯಂತ್ರಕ್ಕೆ ಬೇಡದ ಅಲಂಕಾರವನ್ನೆಲ್ಲ ಕಿತ್ತುಹಾಕಿ ಮತ್ತೆ ನುಡಿಸಿದಳು. "ಅಕ್ಕ, ಊಟ ಆಯ್ತಾ?" ಎಂದು ತಮ್ಮ ಕಿವಿಯೊಳಗೆ ಕೇಳಿದ. ಒಂದೂ ಒಡಕಿಲ್ಲ, ಅವನದೇ ಆ ಸ್ವಲ್ಪ ಮೂಗಿನಲ್ಲಿ ಎಳೆಯುವ ದನಿ.

ಅವಳ ಬೆರಳು ಕೀಲಿಗಳ ಮೇಲೇ ಇತ್ತು. ಯಾಕೆ ಹಾಗೆ ಮಾಡಿದಳೋ ಆಮೇಲೆ ಎಷ್ಟು ಯೋಚಿಸಿದರೂ ಅವಳಿಗೆ ಹೇಳಲಾಗಲಿಲ್ಲ. "ಪೈಪು ಹಾಕ್ಸಿ" ಎಂದು ಬರೆದು ನುಡಿಸಿದಳು. ತಮ್ಮ ಹೇಳಿದ. ಇನ್ನೊಮ್ಮೆ ನುಡಿಸಿದಳು, ಇನ್ನೊಮ್ಮೆ ಹೇಳಿದ. ಇಯರ್‌ಫೋನಿನ ತಂತಿ ಕಿತ್ತರೆ ಇಡೀ ಕೋಣೆಗೆ ಕೇಳುತ್ತಿತ್ತು. ಅವಳು ಅದನ್ನು ಕೀಳಲಿಲ್ಲ. ಒಂದೊಂದೇ ಅಕ್ಷರ ಅಳಿಸಿ, ಪರದೆ ಖಾಲಿ ಮಾಡಿ, ಅದನ್ನು ಮಂಚದ ಕಡೆಗೆ ತಿರುಗಿಸಿ ಎದ್ದು ನಿಂತಳು.

"ಆಯ್ತು," ಎಂದಳು.

ಅದು ಮಧ್ಯಾಹ್ನ. ನಾದಿನಿ ಅವನ ತಲೆಯ ಕೆಳಗೆ ದಿಂಬು ಸರಿಮಾಡಿದಳು. ಗುರುತು ಪರದೆಯ ಮೇಲೆ ಅಲೆದಾಡಿತು, ಒಂದು ಕಡೆ ನಿಂತಿತು, ಮುಂದೆ ಹೋಯಿತು. ತುಂಬಾ ಹೊತ್ತು ಹಿಡಿಯಿತು. ಇಬ್ಬರೂ ಅಕ್ಷರಗಳನ್ನು ನೋಡದೆ ಅವನ ಮುಖ ನೋಡುತ್ತ ನಿಂತಿದ್ದರು. ಕೊನೆಗೆ ದನಿ ಬಂತು.

"ಅಕ್ಕ, ಒಂದು ತಿಂಗಳಿಂದ ನಿನ್ನ ಬೆನ್ನೇ ನೋಡ್ತಾ ಇದೀನಿ. ಈ ಕಡೆ ಕೂತ್ಕೋ."

ಅಕ್ಕ ಸ್ಟೂಲನ್ನು ತಿರುಗಿಸಿಕೊಂಡು ಕೂತಳು. ಅವನನ್ನು ನೇರವಾಗಿ ನೋಡಿ ಎಷ್ಟು ದಿನವಾಗಿತ್ತೋ. ಕೆನ್ನೆ ಒಳಗೆ ಹೋಗಿ ಮುಖವಾಡದ ಅಂಚು ಮೂಳೆಗೆ ಒತ್ತಿ ಗಾಯವಾಗಿತ್ತು. ಗಾಯಕ್ಕೆ ಯಾರೋ ಚೌಕವಾಗಿ ಕತ್ತರಿಸಿದ ಹತ್ತಿಯಿಟ್ಟಿದ್ದರು. ಯಾರೋ ಏನು, ಅವಳೇ, ನಾದಿನಿ.

ಗುರುತು ಮತ್ತೆ ಅಲೆಯಿತು.

"ಪೈಪು ಬೇಡ. ಅವಳು ಹೇಳಿದ್ದು ಸರಿ. ಅವಳಿಗೆ ಯಾವಾಗಲೋ ಹೇಳಿದ್ದೆ."

"ನನಗೆ ಯಾಕೆ ಹೇಳ್ಲಿಲ್ಲ?" ಎಂದಳು ಅಕ್ಕ. ತನ್ನ ದನಿ ಚಿಕ್ಕ ಹುಡುಗಿಯದರಂತೆ ಬಂದದ್ದು ಅವಳಿಗೇ ಕೇಳಿಸಿತು.

ಇದಕ್ಕೆ ಉತ್ತರ ಬರಲು ಇನ್ನೂ ತಡವಾಯಿತು. ನಡುವೆ ಉಸಿರು ಸಿಕ್ಕಿಕೊಂಡು ನಾದಿನಿ ಕಫ ಎಳೆಯಬೇಕಾಯಿತು.

"ನೀನು ರಿಪೇರಿ ಮಾಡೋಕೆ ಶುರು ಮಾಡ್ತೀಯ ಅಂತ."

ಅದು ನಗೆಯ ಮಾತೋ ಅಲ್ಲವೋ ಆ ಯಂತ್ರದ ದನಿಯಲ್ಲಿ ತಿಳಿಯುವ ಹಾಗಿರಲಿಲ್ಲ. ಅವನ ಕಣ್ಣಿನಲ್ಲಿ ಮಾತ್ರ ತಿಳಿಯಬಹುದಿತ್ತು. ಅದನ್ನು ಓದುವ ಅಭ್ಯಾಸ ಅಕ್ಕನಿಗಿರಲಿಲ್ಲ. ನಾದಿನಿಯ ತುಟಿ ಅದುರಿದ್ದನ್ನು ನೋಡಿ, ನಗೆಯ ಮಾತೇ ಇರಬೇಕು ಎಂದುಕೊಂಡಳು.

ಸಂಜೆ ಡಾಕ್ಟರಮ್ಮನ ಎದುರೂ ಅವನು ಅದನ್ನೇ ಹೇಳಿದ. ಅವರು ಎರಡು ಸಲ ಬೇರೆ ಬೇರೆ ರೀತಿ ಕೇಳಿ ಖಚಿತ ಮಾಡಿಕೊಂಡರು. ಆಮೇಲೆ ಔಷಧಿ ಬದಲಾಯಿತು. ಉಸಿರಿನ ಸಂಕಟ ಗೊತ್ತಾಗದ ಹಾಗೆ ಮಾಡುವ ಔಷಧಿ. ಅದರಿಂದ ಅವನಿಗೆ ಹಾಯೆನಿಸಿತು, ಮಂಪರೂ ಕವಿಯಿತು. ಎಚ್ಚರವಿದ್ದ ಹೊತ್ತಿನಲ್ಲಿ ಆ ಹಳೆಯ ಯಂತ್ರದೊಳಗಿನ ಹೊಸ ಯಂತ್ರ ಅವನ ಮಾತನ್ನು ಒಮ್ಮೆಯೂ ತಪ್ಪಿಸಲಿಲ್ಲ. ಹೆಚ್ಚಿನದೇನನ್ನೂ ಅವನು ಆಡಲಿಲ್ಲ. ಫ್ಯಾನು ಜೋರು ಮಾಡು, ಆ ಕಿಟಕಿ ಪರದೆ ಎಳಿ, ಕೆಳಗಿನ ಮನೆಯವನು ಗಾಡಿ ಇನ್ನೂ ಅಡ್ಡ ನಿಲ್ಲಿಸ್ತಾನಾ. ಒಂದು ಮಧ್ಯಾಹ್ನ ಹೆಂಡತಿಯನ್ನು ಪಕ್ಕದಲ್ಲಿ ಮಲಗು ಎಂದ. ಅವಳು ನಳಿಗಳನ್ನೆಲ್ಲ ಸರಿಸಿ ಮಂಚದ ಅಂಚಿನಲ್ಲಿ ಮಲಗಿದಳು. ಅಕ್ಕ ಎದ್ದು ಒಳಕೋಣೆಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡು ಕೂತಳು. ಬೀದಿಯಲ್ಲಿ ಯಾರೋ ಗಾಡಿ ಹಿಂದಕ್ಕೆ ತೆಗೆಯುತ್ತಿದ್ದರು, ಗೇರು ಸರಿಯಾಗಿ ಬೀಳದೆ ಕರಕರ ಎನ್ನುತ್ತಿತ್ತು. ಹಾಗೆ ಅಂಚಿನಲ್ಲಿ ಅವಳು ಮಲಗಿದ್ದಾಗಲೇ, ಮಾರನೆಯ ದಿನವೋ ಅದರ ಮಾರನೆಯ ದಿನವೋ, ಅವನ ಉಸಿರು ನಿಂತಿತು. ನಿಂತದ್ದು ಅವಳಿಗೂ ತಕ್ಷಣ ತಿಳಿಯಲಿಲ್ಲ.

ಎಲ್ಲ ಮುಗಿದು, ಬಂದವರು ಹೋದ ಮೇಲೆ ಇಬ್ಬರೂ ಕೋಣೆ ತೆರವು ಮಾಡಿದರು. ಮಂಚವನ್ನೂ ಕಫದ ಯಂತ್ರವನ್ನೂ ಆಸ್ಪತ್ರೆಯವರು ಒಯ್ದಿದ್ದರು. ನೆಲದ ಮೇಲೆ ಮಂಚದ ಕಾಲುಗಳ ಗುರುತು ಉಳಿದಿತ್ತು. ಅಕ್ಕ ಕ್ಯಾಮೆರಾ ಬಿಚ್ಚಿ, ತಂತಿ ಸುತ್ತಿ, ಕಂಪ್ಯೂಟರನ್ನು ಏನು ಮಾಡಲಿ ಎಂದು ಕೇಳಿದಳು.

"ಅದ್ರಲ್ಲಿ ಯಾರು ಏನು ಬರೆದ್ರೂ ಅವರ ದನೀಲಿ ಬರುತ್ತಲ್ವಾ?" ಎಂದು ನಾದಿನಿ ಕೇಳಿದಳು.

"ಬರುತ್ತೆ."

"ಹಾಗಾದ್ರೆ ನನಗೆ ಬೇಡ. ನೀವೂ ಇಟ್ಕೋಬೇಡಿ."

ಅಕ್ಕ ಅವಳ ಎದುರಿಗೇ ಆ ಒಳಗಿನ ಯಂತ್ರವನ್ನು, ಅದರ ಜೊತೆ ಅವನ ದನಿಯನ್ನೂ ಅಳಿಸಿದಳು. ಅಷ್ಟು ದಿನ ಹೆಣಗಿ ಕಟ್ಟಿದ್ದು ಒಂದೇ ಫೈಲು. ಅಳಿಸಲು ಒಂದು ಕ್ಷಣ. ನಾದಿನಿ ಬೆಡ್‌ಶೀಟು ಮಡಿಸುತ್ತಿದ್ದಳು. ಅಕ್ಕ ಇನ್ನೊಂದು ತುದಿ ಹಿಡಿದುಕೊಳ್ಳಲು ಹೋದಳು. ನಾದಿನಿ ತುದಿ ಕೊಟ್ಟಳು, ಆದರೆ ಮಡಿಸಲಿಲ್ಲ.

"ಆ ಎರಡು ದಿನ ಅವರಿಗೆ ಉಸಿರಿಗೆ ಎಷ್ಟು ಕಷ್ಟ ಆಯ್ತು, ನೀವು ನೋಡ್ಲಿಲ್ಲ ಅತ್ತಿಗೆ," ಎಂದಳು. "ಆ ಔಷಧೀನ ಎರಡು ದಿನ ಮುಂಚೆ ಕೊಡಬಹುದಿತ್ತು. ನಾನು ಹೇಳಿದ್ದನ್ನ ನೀವು ನಂಬಲಿಲ್ಲ."

ಅಕ್ಕನ ಬಾಯಿಗೆ ಹತ್ತು ಸಮಜಾಯಿಷಿ ಬಂದವು. ಅವನ ಬಾಯಿಂದಲೇ ಕೇಳಬೇಕಿತ್ತು, ಡಾಕ್ಟರಮ್ಮನೇ ಒಪ್ಪಿದರಲ್ಲ, ಕೊನೆಗೆ ಅವನಿಗೆ ಮಾತು ಸಿಕ್ಕಿತಲ್ಲ. ಯಾವುದೂ ಸುಳ್ಳಲ್ಲ.

"ನಂಬಲಿಲ್ಲ," ಎಂದಳು.

ನಾದಿನಿ ತಲೆಯಾಡಿಸಿದಳು. ಇಬ್ಬರೂ ಬೆಡ್‌ಶೀಟನ್ನು ಅಂಚಿಗೆ ಅಂಚು ಕೂಡಿಸಿ ಮಡಿಸಿದರು. ಬಾಗಿಲು ಎಳ್ಕೊಂಡು ಹೋಗಿ ಎಂದು ಹೇಳಿ ನಾದಿನಿ ಒಳಕೋಣೆಗೆ ಹೋದಳು. ಅಕ್ಕ ಬಾಗಿಲೆಳೆದುಕೊಂಡು ಮೆಟ್ಟಿಲ ಮೇಲೆ ಸ್ವಲ್ಪ ಹೊತ್ತು ನಿಂತಳು. ಒಳಗೆ ಅಳುವ ಸದ್ದು ಬಂದರೆ ವಾಪಸು ಹೋಗೋಣ ಎಂದು ಕಾದಳು. ಬರಲಿಲ್ಲ. ನಲ್ಲಿ ಬಿಟ್ಟ ಸದ್ದು ಬಂತು, ಪಾತ್ರೆಗಳ ಸದ್ದು ಬಂತು.

ನಾದಿನಿ ಮತ್ತೆ ಚಪ್ಪಲಿ ಅಂಗಡಿಗೆ ಸೇರಿಕೊಂಡಳು. ಅಕ್ಕ ತಿಂಗಳಿಗೊಮ್ಮೆ ಹೋಗಿ ಬರುತ್ತಾಳೆ. ಟೀ ಕುಡಿಯುತ್ತಾರೆ, ಅಂಗಡಿಯ ಮಾತು, ಡಿಪೋದ ಮಾತು ಆಡುತ್ತಾರೆ. ಮನಸ್ತಾಪ ಎನ್ನುವ ಹಾಗಿಲ್ಲ, ಸಲಿಗೆ ಎನ್ನುವ ಹಾಗೂ ಇಲ್ಲ. ಮಾತು ನಿಂತಾಗ ಅಕ್ಕ ನಾದಿನಿಯ ಕಣ್ಣನ್ನು ನೋಡುತ್ತಾಳೆ, ಅಲ್ಲಿ ಏನಿದೆಯೆಂದು ತಿಳಿಯಲು ಪ್ರಯತ್ನಿಸುತ್ತಾಳೆ. ಇನ್ನೂ ತಿಳಿದಿಲ್ಲ.